ಕಲ್ಲಿನ ನಾಡಿನಲ್ಲೊಂದು ಹೊಸ ಸಿಮೆಂಟು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿಗಳ ಸುತ್ತಣ ಸೀಮೆಯು ನೆಲದ ಮೇಲೆ ನಿಂತು ನೋಡುವವರಿಗೆ ತೊಗರಿಯ ನಾಡಾಗಿ ಕಾಣುತ್ತದೆ. ನೆಲವನ್ನು ಅಗೆದು ನೋಡುವವರಿಗೆ ಕಲ್ಲಿನ ನಾಡಾಗಿ ಕಾಣುತ್ತದೆ. ಮೇಲೆ ಕಪ್ಪು ಎರೆಮಣ್ಣು; ಅದರ ಕೆಳಗೆ ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಪದರ ಪದರವಾಗಿ ಮಲಗಿರುವ ಸುಣ್ಣಕಲ್ಲು. ಭೂಗರ್ಭ ಶಾಸ್ತ್ರಜ್ಞರು ಇದನ್ನು ಶಹಾಬಾದಿನ ಹೆಸರಿನಿಂದಲೇ ಗುರುತಿಸುತ್ತಾರೆ. ಚಿಪ್ಪುಳ್ಳ ಜೀವಿಗಳು ಭೂಮಿಯ ಮೇಲೆ ಹುಟ್ಟುವುದಕ್ಕಿಂತಲೂ ಮುಂಚೆ, ಇಲ್ಲಿ ಕಡಲಿದ್ದ ಕಾಲದಲ್ಲಿ, ಅದರ ತಳದಲ್ಲಿ ನಿಧಾನವಾಗಿ ಶೇಖರವಾದ ಕೆಸರೇ ಈ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಲಾವಾರಸ ಉಕ್ಕಿ ಹರಿದಾಗ ಇದರ ಬಹುಭಾಗ ಮುಚ್ಚಿಹೋಯಿತು. ಲಾವಾ ಸವೆದು ತೆರವಾದ ಕಡೆಗಳಲ್ಲಿ ಕಲ್ಲು ಮತ್ತೆ ಬೆಳಕನ್ನು ಕಂಡಿತು.

ಈ ಕಲ್ಲಿನೊಡನೆ ಮನುಷ್ಯನ ಒಡನಾಟ ಬಹಳ ಹಳೆಯದು. ಭೀಮಾ ನದಿಯ ದಂಡೆಯ ಸನ್ನತಿಗೆ ಹತ್ತಿರವಿರುವ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಿಂತಿದ್ದ ಬೌದ್ಧ ಸ್ತೂಪದ ಚಪ್ಪಡಿಗಳು ಸುಣ್ಣಕಲ್ಲಿನವೇ. ಅಶೋಕನ ಹೆಸರನ್ನು ಕೆತ್ತಿರುವ ಅವನ ಶಿಲ್ಪವೊಂದು ದೊರೆತದ್ದು ಆ ಚಪ್ಪಡಿಗಳ ನಡುವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಕಲ್ಲಿನ ನಡುವೆ ಕಾಗಿಣಾ ನದಿಯ ದಂಡೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮನ ರೈಲುದಾರಿ ತೆರೆದು ವಾಡಿ ಜಂಕ್ಷನ್ ಆಯಿತು. ಆ ಬಳಿಕ ಶಹಾಬಾದಿನ ಫರಸಿ ಕಲ್ಲು ದೂರದೂರದ ಊರುಗಳ ಮನೆಯಂಗಳಕ್ಕೂ, ರೈಲು ನಿಲ್ದಾಣಗಳ ಕಟ್ಟೆಗೂ ಹಾಸುಗಲ್ಲಾಗಿ ಪ್ರಯಾಣ ಮಾಡಿತು.

ಫರಸಿಯಾಗುವುದು ಈ ಕಲ್ಲಿನ ಒಂದು ಬಾಳು. ಸಿಮೆಂಟಾಗುವುದು ಅದರ ಎರಡನೆಯ ಬಾಳು. ಶಹಾಬಾದಿನ ಸಿಮೆಂಟ್ ಕಂಪನಿಯು 1936ರಲ್ಲಿ ಎ.ಸಿ.ಸಿ. ಸಂಸ್ಥೆಯಲ್ಲಿ ಒಂದುಗೂಡಿದ ಹತ್ತು ಕಂಪನಿಗಳ ಪೈಕಿ ಒಂದು. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಬಂದಿತು. 1980ರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತ ಕಾರ್ಖಾನೆಗಳು ತಲೆಯೆತ್ತಿದವು. ಈ ಶತಮಾನದಲ್ಲಿ ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಿಗೂ ಕಾರ್ಖಾನೆಗಳು ಬಂದಿವೆ. ಇಂದು ಭಾರತವು ಸಿಮೆಂಟ್ ಉತ್ಪಾದನೆಯಲ್ಲಿ ಚೀನಾದ ನಂತರ ಎರಡನೆಯ ಸ್ಥಾನದಲ್ಲಿದೆ. ಆ ಸ್ಥಾನದಲ್ಲಿ ಕಾಗಿಣಾ ತೀರದ ಪಾಲೂ ಸೇರಿದೆ.

ಈ ಎರಡು ಬಾಳುಗಳಿಗೂ ಒಂದೊಂದು ಕೊರತೆಯುಂಟು. ಫರಸಿಯ ಗಣಿಯಲ್ಲಿ ಹಾರೆ, ಬೆಣೆ, ಉಳಿಗಳಿಂದ ಪದರಗಳನ್ನು ಬಿಡಿಸುವಾಗ ಅಂಚು ಮುರಿದದ್ದು, ಸೀಳಿದ್ದು, ಬಣ್ಣ ಕೆಟ್ಟದ್ದು ಎಲ್ಲವೂ ಗಣಿಯ ಬಾಯಲ್ಲಿಯೇ ಗುಡ್ಡೆ ಬೀಳುತ್ತದೆ. ಪಾಲಿಶ್ ಘಟಕಗಳಲ್ಲಿ ನೀರು ಹರಿಸುತ್ತ ಕಲ್ಲನ್ನು ಉಜ್ಜುವಾಗ ನುಣುಪಾದ ಬೂದುಬಣ್ಣದ ರಾಡಿ ಹೊರಬರುತ್ತದೆ. ಅದನ್ನು ಸುರಿದ ನೆಲದಲ್ಲಿ ನೀರು ಇಂಗುವುದಿಲ್ಲ. ಒಣಗಿದ ಮೇಲೆ ಗಾಳಿಗೆ ಹಾರಿ ಬೆಳೆಯ ಎಲೆಗಳ ಮೇಲೂ, ಕೆಲಸಗಾರರ ಪುಪ್ಪುಸದೊಳಗೂ ಕೂರುತ್ತದೆ. ಸಿಮೆಂಟಿನ ಕೊರತೆ ಕಣ್ಣಿಗೆ ಕಾಣುವಂಥದಲ್ಲ. ಅದನ್ನು ತಿಳಿಯಬೇಕಾದರೆ ಸ್ವಲ್ಪ ರಸಾಯನ ಶಾಸ್ತ್ರದ ನೆರವು ಬೇಕು.

ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಬಲವಾಗಿ ಕಾಸಿದರೆ ಸುಟ್ಟ ಸುಣ್ಣ ಉಳಿದು ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಶುದ್ಧವಾದ 100 ಕಿಲೋ ಸುಣ್ಣಕಲ್ಲಿನಿಂದ ಉಳಿಯುವ ಸುಣ್ಣ 56 ಕಿಲೋ ಮಾತ್ರ. ಮಿಕ್ಕ 44 ಕಿಲೋ ಅನಿಲವಾಗಿ ಆಕಾಶವನ್ನು ಸೇರುತ್ತದೆ. ಸಿಮೆಂಟ್ ಕಾರ್ಖಾನೆಯ ತಿರುಗುವ ಗೂಡಿನಲ್ಲಿ ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಏರಿಸುತ್ತಾರೆ. ಆಗ ಅವು ಕೂಡಿಕೊಂಡು ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಇವುಗಳಿಗೆ ಸ್ವಲ್ಪ ಜಿಪ್ಸಂ ಬೆರೆಸಿ ಅರೆದರೆ ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟು ಸಿದ್ಧ. ಇಂಗ್ಲೆಂಡಿನ ಲೀಡ್ಸ್ ನಗರದ ಇಟ್ಟಿಗೆಗೆಲಸಗಾರ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಈ ಹೆಸರಿಗೆ ಹಕ್ಕುಪತ್ರ ಪಡೆದನು. ಇನ್ನೂರು ವರ್ಷಗಳಲ್ಲಿ ಗೂಡು ದೊಡ್ಡದಾಗಿದೆ, ಇಂಧನದ ಬಳಕೆ ಹಿತಮಿತವಾಗಿದೆ. ಆದರೆ ಕಲ್ಲಿನ ಒಡಲಿನಿಂದ ಹೊರಡುವ ಅನಿಲವನ್ನು ಮಾತ್ರ ಯಾವ ಜಾಣ್ಮೆಯೂ ತಡೆದಿಲ್ಲ. ಇಂಧನ ಯಾವುದೇ ಇರಲಿ, ಸೂರ್ಯನ ಶಾಖವನ್ನೇ ಬಳಸಲಿ, ಒಂದು ಟನ್ ಕ್ಲಿಂಕರಿಗಾಗಿ ಕಲ್ಲು ಸುಮಾರು 520 ಕಿಲೋ ಇಂಗಾಲದ ಡೈಆಕ್ಸೈಡನ್ನು ಬಿಟ್ಟೇ ತೀರುತ್ತದೆ. ಇದು ಕಲ್ಲಿನ ಗುಣ. ಜಗತ್ತಿನಲ್ಲಿ ಮನುಷ್ಯನ ಕೆಲಸಗಳಿಂದ ಹೊರಬೀಳುವ ಈ ಅನಿಲದಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟಿನ ಕಾರಣದಿಂದ ಬರುತ್ತದೆ. ಭೂಮಿಯ ಬಿಸಿಯೇರುತ್ತಿರುವುದಕ್ಕೆ ಈ ಅನಿಲ ಮುಖ್ಯ ಕಾರಣವೆಂಬುದು ಎಲ್ಲರೂ ಬಲ್ಲ ಸಂಗತಿ.

ಹಾಗಾದರೆ ಸಿಮೆಂಟನ್ನು ಬಿಟ್ಟುಬಿಡಬಹುದೆ? ಶಾಲೆ, ಆಸ್ಪತ್ರೆ, ಸೇತುವೆ, ಮನೆಗಳು ಇನ್ನೂ ಬೇಕಾಗಿರುವ ದೇಶದಲ್ಲಿ ಹಾಗೆ ಹೇಳುವುದು ಸುಲಭವಲ್ಲ, ನ್ಯಾಯವೂ ಅಲ್ಲ. ಉಳಿದಿರುವ ದಾರಿಯೆಂದರೆ ಸಿಮೆಂಟಿನಲ್ಲಿ ಕ್ಲಿಂಕರಿನ ಪಾಲನ್ನು ತಗ್ಗಿಸುವುದು. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಸಿಮೆಂಟಿಗೆ ಬೆರೆಸುವ ಪದ್ಧತಿ ಬಹು ವರ್ಷಗಳಿಂದ ಬಳಕೆಯಲ್ಲಿದೆ. ಕಬ್ಬಿಣದ ಕಾರ್ಖಾನೆಗಳ ಕಿಟ್ಟವನ್ನು ಬೆರೆಸುವುದೂ ಉಂಟು. ಆದರೆ ಹಾರುಬೂದಿ ಸಿಗುವುದು ಕಲ್ಲಿದ್ದಲು ಉರಿಯುವವರೆಗೆ. ದೇಶವು ಬಿಸಿಲು ಮತ್ತು ಗಾಳಿಯ ವಿದ್ಯುತ್ತಿನ ಕಡೆಗೆ ಹೊರಳಿದಷ್ಟೂ ಅದು ಕಡಿಮೆಯಾಗುವುದು ಸಹಜ. ಹೊಗೆಯನ್ನು ತಗ್ಗಿಸಲು ಹೊಗೆಯ ಬೂದಿಯನ್ನೇ ನೆಚ್ಚಿಕೊಂಡಿರುವುದು ಬಹುಕಾಲ ನಡೆಯುವ ಮಾತಲ್ಲ.

ಇಲ್ಲಿಯೇ ಹೊಸ ಸಿಮೆಂಟಿನ ವಿಚಾರ ಬರುವುದು. ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಾಧ್ಯಾಪಕಿ ಕ್ಯಾರೆನ್ ಸ್ಕ್ರಿವೆನರ್ ಮತ್ತು ಕ್ಯೂಬಾ ದೇಶದ ಫೆರ್ನಾಂಡೋ ಮಾರ್ಟಿರೇನಾ ಈ ಶತಮಾನದ ಆರಂಭದ ವರ್ಷಗಳಲ್ಲಿ ಇದರ ಕಲ್ಪನೆಯನ್ನು ರೂಪಿಸಿದರು. ದೆಹಲಿ ಮತ್ತು ಮದರಾಸಿನ ಐ.ಐ.ಟಿ.ಗಳ ವಿಜ್ಞಾನಿಗಳೂ ಈ ಸಂಶೋಧನೆಯಲ್ಲಿ ಕೈಜೋಡಿಸಿದರು. ಇದರಲ್ಲಿ ಕ್ಲಿಂಕರ್ ಅರ್ಧದಷ್ಟು ಮಾತ್ರ. ಮಿಕ್ಕ ಅರ್ಧದಲ್ಲಿ ಶೇಕಡ 30 ಕಾಸಿದ ಜೇಡಿಮಣ್ಣು, ಶೇಕಡ 15 ಸುಡದೆ ಅರೆದ ಸುಣ್ಣಕಲ್ಲು, ಶೇಕಡ 5 ಜಿಪ್ಸಂ. ಇಂಗ್ಲಿಷಿನಲ್ಲಿ ಇದರ ಹೆಸರಿನ ಮೊದಲ ಅಕ್ಷರಗಳು ಒಂದು ‘ಎಲ್’ ಮತ್ತು ಮೂರು ‘ಸಿ’ಗಳಾದುದರಿಂದ ಇದನ್ನು ‘ಎಲ್‌ಸಿ-3’ ಎಂದು ಕರೆಯುತ್ತಾರೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐ.ಎಸ್. 18189 ಎಂಬ ಸಂಖ್ಯೆಯಲ್ಲಿ ಇದಕ್ಕೆ ಮಾನಕವನ್ನು ಗೊತ್ತುಮಾಡಿತು. ಮಾನಕವಿಲ್ಲದ ಸಿಮೆಂಟನ್ನು ಯಾವ ಎಂಜಿನಿಯರನೂ ತನ್ನ ನಕ್ಷೆಯಲ್ಲಿ ಬರೆಯಲಾರನು. ಆದುದರಿಂದ ಆ ಸಂಖ್ಯೆ ಸಣ್ಣ ಸಂಗತಿಯಲ್ಲ.

ಜೇಡಿಮಣ್ಣನ್ನು ಕಾಸಿದರೆ ಅದಕ್ಕೆ ಅಂಟುವ ಗುಣ ಎಲ್ಲಿಂದ ಬರುತ್ತದೆ? ಕೆಲವು ಜೇಡಿಗಳಲ್ಲಿ ಕೆಯೊಲಿನೈಟ್ ಎಂಬ ಖನಿಜವಿರುತ್ತದೆ. ಅದರ ಸಣ್ಣ ಸಣ್ಣ ಹಲ್ಲೆಗಳ ಒಡಲಲ್ಲಿ ನೀರಿನ ಅಂಶ ಬಂಧಿತವಾಗಿದೆ. ಸುಮಾರು 700ರಿಂದ 850 ಡಿಗ್ರಿಯ ಶಾಖದಲ್ಲಿ ಆ ನೀರು ಹೊರಟುಹೋಗಿ, ಹಲ್ಲೆಗಳ ಒಳಗಿನ ಕ್ರಮಬದ್ಧವಾದ ಜೋಡಣೆ ಕುಸಿಯುತ್ತದೆ. ಹಾಗೆ ಕುಸಿದ ಜೇಡಿ ಸುಣ್ಣದೊಡನೆ ಕೂಡಲು ಕಾತರಿಸುವ ವಸ್ತುವಾಗುತ್ತದೆ. ಕ್ಲಿಂಕರಿಗೆ ನೀರು ಸೋಕಿದಾಗ ಬಿಡುಗಡೆಯಾಗುವ ಸುಣ್ಣವನ್ನು ಇದು ಹಿಡಿದುಕೊಂಡು ಹೊಸ ಬಂಧಗಳನ್ನು ಕಟ್ಟುತ್ತದೆ. ಇಷ್ಟೇ ಆಗಿದ್ದರೆ ಇದರಲ್ಲಿ ಹೆಚ್ಚಿನ ಹೊಸತೇನೂ ಇರುತ್ತಿರಲಿಲ್ಲ. ಜೇಡಿಯಲ್ಲಿರುವ ಅಲ್ಯೂಮಿನಾ ಸುಡದ ಸುಣ್ಣಕಲ್ಲಿನ ಪುಡಿಯೊಡನೆಯೂ ಕೂಡಿ ಹರಳುಗಳಾಗಿ ಸಣ್ಣ ಸಣ್ಣ ರಂಧ್ರಗಳನ್ನು ತುಂಬುತ್ತದೆ ಎಂಬುದೇ ಇಲ್ಲಿನ ಹೊಸ ಅರಿವು. ಹೀಗೆ ಸುಣ್ಣಕಲ್ಲಿನ ಪುಡಿ ಬರಿಯ ತೂಕ ತುಂಬುವ ಸರಕಾಗದೆ ಕೆಲಸದಲ್ಲಿ ಪಾಲುಗಾರನಾಗುತ್ತದೆ. ಜೇಡಿಯನ್ನು ಕಾಸಿದಾಗ ಅದರ ಒಡಲಿನಿಂದ ಹೋಗುವುದು ನೀರಿನ ಆವಿ ಮಾತ್ರ. ಬೇಕಾಗುವ ಉಷ್ಣತೆಯೂ ಕ್ಲಿಂಕರಿನ ಉಷ್ಣತೆಯ ಅರ್ಧಕ್ಕಿಂತ ಹೆಚ್ಚೇನೂ ಮಿಗಿಲಲ್ಲ.

ಕರ್ನಾಟಕದ ಹಳೆಯ ಗಾರೆಯವರಿಗೆ ಇದರ ಮೂಲಸೂತ್ರ ಅಪರಿಚಿತವಾಗಿರಲಿಲ್ಲ. ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಪುಡಿ ಮಾಡಿ ಸುಣ್ಣದೊಡನೆ ಅರೆದ ಸುರ್ಕಿ ಗಾರೆಯಿಂದ ಅವರು ಕೆರೆಯ ತೂಬುಗಳನ್ನೂ ಕೋಟೆಗಳನ್ನೂ ಕಟ್ಟಿದರು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ಇಂದಿಗೂ ನಿಂತಿರುವುದು ಸುರ್ಕಿ ಗಾರೆಯ ಬಲದಿಂದ. ಸುರ್ಕಿಯ ಗುಟ್ಟೂ ಸುಟ್ಟ ಜೇಡಿಯೇ. ಹಳಬರು ಕೈಯ ಅಂದಾಜಿನಿಂದ ಮಾಡಿದ್ದನ್ನು ಇಂದು ತೂಕ ಮತ್ತು ಉಷ್ಣತೆಯ ಲೆಕ್ಕದಿಂದ, ಸಿಮೆಂಟಿನ ವೇಗದಲ್ಲಿ ಮಾಡಬಹುದಾಗಿದೆ.

ಈ ಸಿಮೆಂಟನ್ನು ಸೇಡಂ, ವಾಡಿಗಳ ಸೀಮೆಯಲ್ಲಿ ಏಕೆ ತಯಾರಿಸಬೇಕು? ಲೆಕ್ಕ ಹಾಕಿ ನೋಡಬಹುದು. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಸಾಧಾರಣ ಸಿಮೆಂಟಿನಲ್ಲಿ ಕ್ಲಿಂಕರ್ ಶೇಕಡ 95ರಷ್ಟಿರುವುದರಿಂದ ಅದರ ಒಂದು ಟನ್ನಿಗೆ 1.4 ಟನ್ನಿಗೂ ಮಿಗಿಲಾದ ಕಲ್ಲು ಗೂಡನ್ನು ಸೇರುತ್ತದೆ. ಹೊಸ ಸಿಮೆಂಟಿನಲ್ಲಿ ಗೂಡಿಗೆ ಹೋಗುವುದು 0.75 ಟನ್ ಮಾತ್ರ. ಸುಡದೆ ಬೆರೆಸುವ 0.15 ಟನ್ ಬೇರೆ. ಕಲ್ಲಿನ ಒಡಲಿನಿಂದ ಹೊರಡುವ ಅನಿಲವು ಸುಮಾರು 495 ಕಿಲೋದಿಂದ 260 ಕಿಲೋಗೆ ಇಳಿಯುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಮಾರಾಟವಾಗುವುದು ಹಾರುಬೂದಿ ಬೆರೆತ ಸಿಮೆಂಟು. ಅದರಲ್ಲಿ ಕ್ಲಿಂಕರ್ ಶೇಕಡ 65ರ ಆಸುಪಾಸಿನಲ್ಲಿರುತ್ತದೆ. ಅದರೊಡನೆ ಹೋಲಿಸಿದರೆ ಉಳಿತಾಯ 340ರಿಂದ 260ಕ್ಕೆ ಇಳಿದಷ್ಟೇ. ಹೊಸ ಸರಕನ್ನು ಮೆಚ್ಚಿಸುವ ಆತುರದಲ್ಲಿ ಕೆಲವರು ಮೊದಲನೆಯ ಹೋಲಿಕೆಯನ್ನು ಮಾತ್ರ ಹೇಳಿ ಎರಡನೆಯದನ್ನು ಮರೆಮಾಡುತ್ತಾರೆ. ಅದು ಸರಿಯಲ್ಲ. ಎರಡನೆಯ ಹೋಲಿಕೆಯಲ್ಲಿಯೂ ಲಾಭ ಉಳಿದಿರುವಾಗ ಮರೆಮಾಡುವ ಅಗತ್ಯವೂ ಇಲ್ಲ.

ಈ ಸೀಮೆಗೆ ಇನ್ನೂ ಒಂದು ಅನುಕೂಲವಿದೆ. ಗೂಡಿಗೆ ಹಾಕುವ ಕಲ್ಲು ಉತ್ತಮ ದರ್ಜೆಯದಾಗಿರಬೇಕು. ಮರಳಿನ ಅಂಶವೋ ಮೆಗ್ನೀಸಿಯಮ್ಮೋ ಹೆಚ್ಚಾದರೆ ಕ್ಲಿಂಕರ್ ಕೆಡುತ್ತದೆ. ಸುಡದೆ ಬೆರೆಸುವ ಆ ಶೇಕಡ 15ರ ಪಾಲಿಗೆ ಅಷ್ಟು ಮಡಿಯಿಲ್ಲ. ಗೂಡಿಗೆ ಹೊಂದದ ಕಳಪೆ ಕಲ್ಲು, ಫರಸಿ ಗಣಿಯ ಬಾಯಲ್ಲಿ ಬಿದ್ದಿರುವ ಚೂರು, ಪಾಲಿಶ್ ಘಟಕದ ರಾಡಿ ಇವುಗಳನ್ನು ಪರೀಕ್ಷಿಸಿ, ತಕ್ಕದ್ದನ್ನು ಬಳಸಲು ಅವಕಾಶವಿದೆ. ರಾಡಿಯಂತೂ ಮೊದಲೇ ನುಣ್ಣಗೆ ಅರೆದದ್ದು! ಎಸೆದ ವಸ್ತುವಿಗೆ ಬೆಲೆ ಬಂದರೆ ಅದನ್ನು ಹಳ್ಳಕ್ಕೆ ಸುರಿಯುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಆದರೆ ರಾಡಿಯಲ್ಲಿ ನೀರಿದೆ. ಒಣಗಿಸದೆ ಸಾಗಿಸಿದರೆ ಬಾಡಿಗೆ ಕೊಡುವುದು ನೀರಿಗೆ. ಘಟಕಗಳು ಚದುರಿಕೊಂಡಿವೆ. ವರ್ಷಕ್ಕೆ ಹತ್ತು ಲಕ್ಷ ಟನ್ ಹೊಸ ಸಿಮೆಂಟು ಮಾಡುವ ಕಾರ್ಖಾನೆಗೆ ಒಂದೂವರೆ ಲಕ್ಷ ಟನ್ ಕಲ್ಲಿನ ಪುಡಿ ಒಂದೇ ಹದದಲ್ಲಿ ಬೇಕು. ಸಣ್ಣ ಸಣ್ಣ ಗಣಿಗಳವರು ಒಟ್ಟುಗೂಡಿ ಶಹಾಬಾದ್, ಚಿತ್ತಾಪುರಗಳಲ್ಲಿ ರಾಡಿಯನ್ನು ಒಣಗಿಸುವ, ತೂಗುವ, ಪರೀಕ್ಷಿಸುವ ಸಹಕಾರಿ ಕಣಗಳನ್ನು ಏರ್ಪಡಿಸಿದರೆ ಮಾತ್ರ ಇದು ನಡೆಯುತ್ತದೆ. ತೊಗರಿಯನ್ನು ಕಣದಲ್ಲಿ ಹಸನು ಮಾಡಿ ಮಾರುಕಟ್ಟೆಗೆ ಒಯ್ಯಬಲ್ಲ ಜನರಿಗೆ ಇದು ಆಗದ ಕೆಲಸವಲ್ಲ. ಬೆಲೆಯ ಪಾಲು ಗಣಿಯ ಒಡೆಯನಲ್ಲಿಯೇ ನಿಲ್ಲದೆ ಕಲ್ಲು ಬಿಡಿಸುವ ಕೂಲಿಕಾರರಿಗೂ ತಲುಪುವಂತೆ ಸಹಕಾರದ ನಿಯಮಗಳನ್ನು ಮೊದಲೇ ಬರೆದಿಡುವುದು ಒಳ್ಳೆಯದು. ನಂತರ ಬರೆಯುವ ನಿಯಮಗಳು ಬಲವಂತರ ಕೈಯಲ್ಲಿರುತ್ತವೆ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಜೇಡಿಯದು. ಸುತ್ತಲೂ ಮಣ್ಣೇ ಇರುವಾಗ ಜೇಡಿಗೇನು ಬರ ಎಂದು ತೋರಬಹುದು. ಆದರೆ ತೊಗರಿ ಬೆಳೆಯುವ ಎರೆಮಣ್ಣಿನಲ್ಲಿರುವ ಖನಿಜ ಬೇರೆ. ಮಳೆ ಬಂದರೆ ಉಬ್ಬುವ, ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಹೆಚ್ಚು. ಕಾಸಿದರೂ ಅದು ಕೆಯೊಲಿನೈಟಿನಷ್ಟು ಚುರುಕಾಗುವುದಿಲ್ಲ. ಇದೊಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅನ್ನ ಕೊಡುವ ಎರೆಯನ್ನು ಅಗೆದು ಗೂಡಿಗೆ ಹಾಕುವ ಆಸೆ ಯಾರಿಗೂ ಬರಲಾರದು. ಈ ಸಿಮೆಂಟಿಗೆ ಬೇಕಾದ ಜೇಡಿಯಲ್ಲಿ ಕೆಯೊಲಿನೈಟ್ ಶೇಕಡ 40ರಷ್ಟಾದರೂ ಇರಬೇಕು. ಪಿಂಗಾಣಿಗೆ ಬೇಕಾಗುವಷ್ಟು ಬಿಳುಪು, ಶುದ್ಧತೆ ಬೇಕಿಲ್ಲ. ಹೆಚ್ಚು ಮಳೆಗೆ ತೊಯ್ದು ಸವೆದ ಜಂಬಿಟ್ಟಿಗೆ ಕಲ್ಲಿನ ಅಡಿಯಲ್ಲಿ ಇಂಥ ಜೇಡಿ ದೊರೆಯುವುದುಂಟು. ಚಿಂಚೋಳಿಯ ಉತ್ತರಕ್ಕೆ ಬೀದರ್ ಪ್ರಸ್ಥಭೂಮಿಯ ಮೇಲೆ ಜಂಬಿಟ್ಟಿಗೆಯ ದಪ್ಪ ಹೊದಿಕೆಯಿದೆ. ಬೀದರಿನ ಕೋಟೆಯನ್ನು ಕಟ್ಟಿದ್ದು ಅದೇ ಕಲ್ಲಿನಿಂದ. 2017ರಲ್ಲಿ ಬೀದರ್–ಕಲಬುರಗಿ ರೈಲುದಾರಿ ತೆರೆದಿರುವುದರಿಂದ ಅಲ್ಲಿನ ಸರಕು ವಾಡಿಯ ಕಡೆಗೆ ಬರಲು ಹಳಿಯೂ ಇದೆ. ಚಿಂಚೋಳಿಯ ಕಾಡಿನಲ್ಲಿ ಮಾತ್ರ ಅಗೆಯಲಾಗದು. ಒಣ ನಾಡಿನಲ್ಲಿ ಉಳಿದಿರುವ ಆ ಅಪರೂಪದ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅದರ ಅಂಚಿನ ತಾಂಡಾಗಳ ಜನಕ್ಕೂ ದನಗಳಿಗೂ ಅದು ಆಸರೆ. ಅನಿಲವನ್ನು ತಗ್ಗಿಸುವ ಹೆಸರಿನಲ್ಲಿ ಕಾಡನ್ನು ಕಳೆದುಕೊಳ್ಳುವುದು ವಿವೇಕವಲ್ಲ.

ಜೇಡಿಯ ಯೋಗ್ಯತೆಯನ್ನು ತಿಳಿಯುವ ಬಗೆ ಸರಳವೂ ಸುಂದರವೂ ಆಗಿದೆ. ಶುದ್ಧ ಕೆಯೊಲಿನೈಟ್ 100 ಗ್ರಾಂ ಕಾಸಿದರೆ ಒಡಲಿನ ನೀರು ಹೋಗಿ ಸುಮಾರು 14 ಗ್ರಾಂ ತೂಕ ಇಳಿಯುತ್ತದೆ. ಮೊದಲೇ ಚೆನ್ನಾಗಿ ಒಣಗಿಸಿದ ಜೇಡಿಯನ್ನು ಕಾಸುತ್ತ, 400ರಿಂದ 600 ಡಿಗ್ರಿಗಳ ನಡುವೆ ಎಷ್ಟು ತೂಕ ಇಳಿಯಿತೆಂದು ನೋಡಿದರೆ ಕೆಯೊಲಿನೈಟಿನ ಪಾಲು ಗೊತ್ತಾಗುತ್ತದೆ. ನೂರಕ್ಕೆ 5.6 ಗ್ರಾಂ ಇಳಿದರೆ ಶೇಕಡ 40.

ಹೊಸ ಸಿಮೆಂಟಿಗೂ ದೋಷಗಳುಂಟು. ಮೊದಲ ಒಂದೆರಡು ದಿನ ಇದರ ಬಲ ಸ್ವಲ್ಪ ಹಿಂದೆ ಬೀಳುತ್ತದೆ. ಒಳ್ಳೆಯ ಜೇಡಿಯಾದರೆ ಏಳು ದಿನಗಳ ಹೊತ್ತಿಗೆ ಸಾಧಾರಣ ಸಿಮೆಂಟಿನ ಸಮಕ್ಕೆ ಬರುತ್ತದೆ. ಕಾಸಿದ ಜೇಡಿ ಬಹಳ ನುಣುಪಾದುದರಿಂದ ಕಲಸುವಾಗ ಗಾರೆ ಬಿಗಿಯುತ್ತದೆ. ಆಗ ಮೇಸ್ತ್ರಿ ಹೆಚ್ಚು ನೀರು ಸುರಿದರೆ ಬಲವೆಲ್ಲ ಹಾಳು. ತೆಳುವಾಗಿಸುವ ರಾಸಾಯನಿಕವನ್ನು ಅಳತೆಯಿಂದ ಬೆರೆಸಬೇಕು. ಜೇಡಿಯಲ್ಲಿ ಕಬ್ಬಿಣವಿದ್ದರೆ ಸಿಮೆಂಟು ಕೆಂಪಡರುತ್ತದೆ. ಬಣ್ಣದಿಂದ ಬಲ ಕುಂದದಿದ್ದರೂ ಬೂದುಬಣ್ಣವನ್ನೇ ಕಂಡ ಜನ ಅದನ್ನು ಕಲಬೆರಕೆಯೆಂದು ಸಂಶಯಿಸುತ್ತಾರೆ. ಕಾಸಿದ ಜೇಡಿಯನ್ನು ತಣಿಸುವಾಗ ಆಮ್ಲಜನಕ ಸೋಕದಂತೆ ನೋಡಿಕೊಂಡು ಬೂದುಬಣ್ಣ ಬರಿಸುವ ಉಪಾಯವನ್ನು ತಂತ್ರಜ್ಞರು ಕಂಡುಕೊಂಡಿದ್ದಾರೆ. ಉಪ್ಪುನೀರನ್ನು ಈ ಕಾಂಕ್ರೀಟು ಹಳೆಯದಕ್ಕಿಂತ ಬಹಳ ಚೆನ್ನಾಗಿ ತಡೆಯುತ್ತದೆ. ಗಾಳಿಯ ಇಂಗಾಲಾಮ್ಲವು ಒಳಹೊಕ್ಕು ಕಬ್ಬಿಣಕ್ಕೆ ತುಕ್ಕು ಹಿಡಿಸುವುದನ್ನು ತಡೆಯುವಲ್ಲಿ ಸ್ವಲ್ಪ ಹಿಂದು. ಆದಕಾರಣ ನೀರುಣಿಸಿ ಹದಮಾಡುವ ಕೆಲಸದಲ್ಲಿ ಸೋಮಾರಿತನ ಸಲ್ಲದು. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವ, ಟ್ಯಾಂಕರಿನ ನೀರಿಗೆ ಕಾಯುವ ಊರುಗಳಲ್ಲಿ ಈ ಮಾತಿಗೆ ವಿಶೇಷ ತೂಕವಿದೆ.

ಕೊಲಂಬಿಯಾ ಮತ್ತು ಘಾನಾ ದೇಶಗಳಲ್ಲಿ ಜೇಡಿಯನ್ನು ಕಾಸಿ ಸಿಮೆಂಟಿಗೆ ಬೆರೆಸುವ ದೊಡ್ಡ ಕಾರ್ಖಾನೆಗಳು ಈಗಾಗಲೇ ನಡೆಯುತ್ತಿವೆ. ಕ್ಲಿಂಕರನ್ನು ಹಡಗಿನಲ್ಲಿ ತರಿಸಿಕೊಳ್ಳುವ ಘಾನಾಕ್ಕೆ ಜೇಡಿಯ ಕಡೆಗೆ ತಿರುಗಲು ಹಣದ ಕಾರಣವೂ ಇತ್ತು. ಮನೆಬಾಗಿಲಲ್ಲಿಯೇ ಕಲ್ಲಿರುವ ಕಾಗಿಣಾ ತೀರದಲ್ಲಿ ಆ ಒತ್ತಾಯವಿಲ್ಲ. ಇಲ್ಲಿ ಆರಂಭ ಸಣ್ಣದಾಗಿರುವುದು ಲೇಸು. ಬಳಕೆ ತಪ್ಪಿದ ಹಳೆಯ ಸಣ್ಣ ಗೂಡುಗಳನ್ನು ಜೇಡಿ ಕಾಸಲು ಮಾರ್ಪಡಿಸಬಹುದು. ಮೊದಲು ಸೇತುವೆಗೆ ಕೈಹಾಕದೆ ಅಂಗಳದ ಬಿಲ್ಲೆ, ಗೋಡೆಯ ಟೊಳ್ಳು ಇಟ್ಟಿಗೆ, ಚರಂಡಿಯ ಮುಚ್ಚಳಗಳನ್ನು ಮಾಡಿ, ಎರಡು ಬೇಸಿಗೆ ಎರಡು ಮಳೆಗಾಲ ಅವು ಹೇಗೆ ಬಾಳುತ್ತವೆಂದು ನೋಡಬಹುದು.

ಅದಕ್ಕೂ ಮುಂಚೆ ನಡೆಯಬೇಕಾದ ಪರೀಕ್ಷೆಗೆ ದೂರದ ನಗರಗಳಿಗೆ ಹೋಗಬೇಕಾಗಿಲ್ಲ. ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಬೀದರಿನ ಕಡೆಯ ಜೇಡಿ, ಶಹಾಬಾದಿನ ರಾಡಿ, ವಾಡಿಯ ಕ್ಲಿಂಕರ್ ಮೂರನ್ನೂ ಮಾನಕ ಹೇಳಿದ ಮಿತಿಗಳೊಳಗೆ ಹಲವು ಪ್ರಮಾಣಗಳಲ್ಲಿ ಬೆರೆಸಿ, ಮರಳಿನೊಡನೆ ಕಲಸಿ, ಏಳು ಸೆಂಟಿಮೀಟರಿಗೆ ತುಸು ಮಿಗಿಲಾದ ಬದಿಯ ಘನಗಳನ್ನು ಎರಕ ಹೊಯ್ಯಬೇಕು. ಒಂದು ದಿನದ ಬಳಿಕ ಅಚ್ಚನ್ನು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಮೂರನೆಯ ದಿನ ಕೆಲವು, ಏಳನೆಯ ದಿನ ಕೆಲವು ಘನಗಳನ್ನು ಯಂತ್ರದಲ್ಲಿಟ್ಟು, ಒಡೆಯುವವರೆಗೆ ಒತ್ತಿ, ಅವು ತಡೆದುಕೊಂಡ ಭಾರವನ್ನು ಬರೆದಿಡಬೇಕು. ಮಿಕ್ಕವು ಇಪ್ಪತ್ತೆಂಟನೆಯ ದಿನದವರೆಗೆ ನೀರಿನಲ್ಲಿಯೇ ಇರುತ್ತವೆ.